ಬಾಡಿಗೆಯ ಬಂಡಿಯೂ ಸತ್ಯಶುದ್ಧ ಕಾಯಕವೂ



ಮಂಗಳೂರಿನ ಭಕ್ತಮಂಡಲಿಯ ಅಪೇಕ್ಷೆಯ ಮೇರೆಗೆ ಒಂದು ಶ್ರಾವಣಮಾಸದಲ್ಲಿ ನಾವು ಐದು ದಿವಸ ಆ ಪಟ್ಟಣದಲ್ಲಿ ತಂಗಿದ್ದೆವು. ಘಟ್ಟದ ಮೇಲಿನ ಜಿಲ್ಲೆಗಳಿಂದ ಉದ್ಯೋಗನಿಮಿತ್ತ ಇಳಿದುಬಂದು ಅಲ್ಲಿ ನೆಲೆಸಿರುವ ನಮ್ಮ ಗೃಹಸ್ಥರು ಬ್ಯಾಂಕು, ಬಂದರು, ಆಸ್ಪತ್ರೆ, ಕಾಲೇಜುಗಳಲ್ಲಿ ದುಡಿಯುವವರು. ಸಂಜೆ ಏಳು ಗಂಟೆ ಕಳೆಯದೆ ಅವರಿಗೆ ಬಿಡುವೆಂಬುದಿಲ್ಲ. ಆದುದರಿಂದ ಕದ್ರಿಯ ಬಳಿ ಭಕ್ತರೊಬ್ಬರ ಮನೆಯ ಮಹಡಿಯ ಮೇಲೆ ರಾತ್ರಿಯ ಹೊತ್ತಿನಲ್ಲಿ ಪ್ರವಚನವನ್ನು ಏರ್ಪಡಿಸಿದ್ದರು. ಹೊರಗೆ ಆ ಊರಿನ ಮಳೆ. ಆ ಮಳೆಯ ಸದ್ದಿನ ನಡುವೆ ಮಾತನಾಡುವುದೂ ಒಂದು ತಪಸ್ಸೇ ಸರಿ. ನಾಲ್ಕನೆಯ ದಿನದ ವಿಷಯ ಕಾಯಕ ಮತ್ತು ದಾಸೋಹಗಳ ಸಂಬಂಧವಾಗಿತ್ತು.

ಪ್ರವಚನ ಮುಗಿದು ಪ್ರಸಾದವಾದ ತರುವಾಯ ಇಪ್ಪತ್ತೆಂಟು ವರ್ಷದ ಆಸುಪಾಸಿನ ತರುಣನೊಬ್ಬನು ಬಂದು ನಮಸ್ಕರಿಸಿ ಒಂದು ಲಕೋಟೆಯನ್ನು ನಮ್ಮ ಮುಂದಿಟ್ಟನು. ದಾಸೋಹಕ್ಕೆಂದು ೧೮,೦೦೦ ರೂಪಾಯಿ ಅದರೊಳಗಿತ್ತು. ಯಾವ ಕಾಯಕವೆಂದು ಕೇಳಿದೆವು. ಕೇಳಿದುದು ಸಂಶಯದಿಂದಲ್ಲ, ವಾಡಿಕೆಯಿಂದ. ಕಾರುಗಳನ್ನು ಬಾಡಿಗೆಗೆ ಕೊಡುವ ಸಂಸ್ಥೆಯೊಂದರ ಶಾಖೆಯಲ್ಲಿ ಗ್ರಾಹಕರ ಮೇಜಿನ ಕೆಲಸವೆಂದು ಹೇಳಿದನು. ಇದು ಯಾವ ತಿಂಗಳ ಸಂಬಳವೆಂದು ಕೇಳಿದಾಗ ಆತನಿಂದ ಉತ್ತರವೇ ಬರಲಿಲ್ಲ. ಬಹಳ ಹೊತ್ತಿನ ಮೇಲೆ, "ಸಂಬಳದ್ದಲ್ಲರೀ ಅಜ್ಜಾರೆ, ಅದಕ್ಕೇ ತಂದೆ" ಎಂದನು.

ಆ ರಾತ್ರಿ ಆತನು ಹೇಳಿದುದನ್ನು ಆತನ ಒಪ್ಪಿಗೆಯಿಂದಲೇ ಇಲ್ಲಿ ಬರೆಯುತ್ತಿದ್ದೇವೆ. ಆತನ ಹೆಸರಾಗಲಿ ಆ ಸಂಸ್ಥೆಯ ಹೆಸರಾಗಲಿ ಇಲ್ಲಿ ಬೇಕಿಲ್ಲ. ಹೆಸರು ಹೇಳಿದರೆ ಓದುವವರು "ಅದು ಅವರ ಪಾಪ" ಎಂದು ಪುಟ ತಿರುವಿಬಿಡುವರು.

ಈ ವ್ಯವಹಾರದ ಪರಿಚಯ ನಮ್ಮ ಹಳ್ಳಿಯ ಓದುಗರಿಗೆ ಇರಲಾರದು. ಮಂಗಳೂರು ಯಾತ್ರಿಕರು ಇಳಿಯುವ ಊರು. ಬಜಪೆಯ ವಿಮಾನನಿಲ್ದಾಣದಲ್ಲಿಯೂ ರೈಲುನಿಲ್ದಾಣದಲ್ಲಿಯೂ ಇಳಿದವರು ಧರ್ಮಸ್ಥಳಕ್ಕೆ, ಕುಕ್ಕೆ ಸುಬ್ರಹ್ಮಣ್ಯಕ್ಕೆ, ಉಡುಪಿಗೆ, ಕೊಲ್ಲೂರಿಗೆ ಹೋಗಬೇಕು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು ರಜೆಗೆ ಬಂದಾಗ ನಾಲ್ಕು ವಾರದ ಮಟ್ಟಿಗೆ ಅವರಿಗೊಂದು ವಾಹನ ಬೇಕು. ಚಾಲಕನಿಲ್ಲದೆ ಕಾರನ್ನೇ ಬಾಡಿಗೆಗೆ ಕೊಡುವ ಪದ್ಧತಿಗೆ ನಮ್ಮ ದೇಶದಲ್ಲಿ ೧೯೮೯ರ ಕೇಂದ್ರಸರ್ಕಾರದ ಯೋಜನೆಯೊಂದು ಆಧಾರವಾಗಿದೆ. ಅದರಂತೆ ಪರವಾನಗಿ ಪಡೆಯುವವನಲ್ಲಿ ಕನಿಷ್ಠ ೫೦ ಕಾರುಗಳಿರಬೇಕು. ಅಂತಹ ಕಾರಿನ ಸಂಖ್ಯಾಫಲಕ ಕಪ್ಪು, ಅಕ್ಷರ ಹಳದಿ. ಸ್ವಂತ ಉಪಯೋಗದ ಬಿಳಿಯ ಫಲಕದ ಕಾರನ್ನು ಗುಟ್ಟಾಗಿ ಬಾಡಿಗೆಗೆ ಬಿಡುವವರು ಕರಾವಳಿಯಲ್ಲಿ ಕಡಮೆಯೇನಿಲ್ಲ. ಅದು ಬೇರೆಯ ಕಥೆ, ಅದರ ಮಾತು ಈಗ ಬೇಡ. ನಾವು ಹೇಳಹೊರಟಿರುವುದು ಪರವಾನಗಿ ಇದ್ದು, ಗಾಜಿನ ಬಾಗಿಲಿದ್ದು, ಸಮವಸ್ತ್ರ ತೊಟ್ಟು, ಕೈಮುಗಿದು ಸ್ವಾಗತಿಸುವ ಮೇಜಿನ ಹಿಂದೆ ನಡೆಯುವ ಸಂಗತಿ.

ರಾತ್ರಿ ಹನ್ನೊಂದು ಗಂಟೆಗೆ ವಿಮಾನದಿಂದ ಇಳಿದ ಗೃಹಸ್ಥನನ್ನು ಮನಸ್ಸಿಗೆ ತಂದುಕೊಳ್ಳಿರಿ. ಹೆಂಡತಿಯ ಹೆಗಲ ಮೇಲೆ ಮಗು ನಿದ್ದೆಹೋಗಿದೆ. ಆತನು ಸಣ್ಣ ಕಾರೊಂದನ್ನು ಮೊದಲೇ ಗೊತ್ತುಮಾಡಿದ್ದಾನೆ. ಮೇಜಿನವನು, ಸಣ್ಣ ಕಾರುಗಳೆಲ್ಲ ಹೋಗಿಬಿಟ್ಟಿವೆ, ದಿನಕ್ಕೆ ಸ್ವಲ್ಪವೇ ಹೆಚ್ಚಿಗೆ ಕೊಟ್ಟರೆ ದೊಡ್ಡದಿದೆ ಎನ್ನುತ್ತಾನೆ. ಸಣ್ಣ ಕಾರು ಹಿಂಬದಿಯ ಅಂಗಳದಲ್ಲಿಯೇ ಮಳೆಯಲ್ಲಿ ನೆನೆಯುತ್ತ ನಿಂತಿರುತ್ತದೆ. ಮುಂದೆ ಹಾನಿಯ ಹೊಣೆಯ ಮಾಫಿ. ಕಾರಿಗೆ ಪೆಟ್ಟಾದರೆ ಸಂಸ್ಥೆಯು ಗ್ರಾಹಕನಿಂದ ಕೇಳಬಹುದಾದ ಹಣದಲ್ಲಿ ಒಂದು ಪಾಲನ್ನು ಬಿಟ್ಟುಕೊಡುವೆನೆಂದು ಮಾಡುವ ಕರಾರು ಇದು. ಬೇಕಾದವನು ಕೊಳ್ಳಬಹುದು, ಬೇಡವಾದವನು ಬಿಡಬಹುದು. ಆದರೆ ಮೇಜಿನವನು ಅದನ್ನು "ಕಾನೂನಿನ ವಿಮೆ, ಕಡ್ಡಾಯ" ಎಂದು ಹೇಳುತ್ತಾನೆ. ಕಾನೂನು ಕಡ್ಡಾಯ ಮಾಡಿರುವುದು ಮೂರನೆಯವರಿಗಾಗುವ ಹಾನಿಯ ವಿಮೆಯನ್ನು. ೧೯೮೮ರ ಮೋಟಾರು ವಾಹನ ಕಾಯಿದೆಯ ೧೪೬ನೆಯ ಕಲಮಿನಂತೆ ಅದಿಲ್ಲದೆ ಕಾರು ರಸ್ತೆಗಿಳಿಯುವಂತೆಯೇ ಇಲ್ಲ. ಅದನ್ನು ಸಂಸ್ಥೆಯು ಮೊದಲೇ ಮಾಡಿಸಿರುತ್ತದೆ. ಕಟ್ಟಿಯಾದ ವಿಮೆಯ ಹೆಸರಿನಲ್ಲಿ ಕಟ್ಟಬೇಕಿಲ್ಲದುದನ್ನು ಕಟ್ಟಿಸಿಕೊಳ್ಳುವುದು ಈ ಜಾಣತನದ ತಿರುಳು.

ಕಾರು ಹಿಂತಿರುಗಿದಾಗ ಇನ್ನೊಂದು ಆಟ ಮೊದಲಾಗುತ್ತದೆ. ಬಾಗಿಲಿನ ಮೇಲಿದ್ದ ಹಳೆಯ ಗೀರನ್ನು ಕೊಡುವಾಗಿನ ಚೀಟಿಯಲ್ಲಿ ಬರೆದಿರುವುದಿಲ್ಲ. ತರುಣನು ಹೇಳಿದ ಒಂದು ಗೀರಿನ ಕಥೆ ನಮ್ಮ ಮನಸ್ಸಿನಿಂದ ಹೋಗುವಂತಿಲ್ಲ. ಗೇಣುದ್ದದ ಒಂದೇ ಗೀರಿಗೆ ಒಂದೇ ವರ್ಷದಲ್ಲಿ ಐದು ಜನರಿಂದ ಬಣ್ಣದ ಖರ್ಚನ್ನು ಮುಂಗಡದಲ್ಲಿ ಮುರಿದುಕೊಂಡರಂತೆ. ಬಣ್ಣವನ್ನು ಮಾತ್ರ ಒಮ್ಮೆಯೂ ಹೊಡೆಸಲಿಲ್ಲ. "ಆ ಗೀರು ನಮ್ಮ ಶಾಖೆಯ ಹಸು, ಅಜ್ಜಾರೆ" ಎಂದು ಆತನು ನಗಲು ಹೋಗಿ ನಗಲಾರದೆ ಸುಮ್ಮನಾದನು. ತುಂಬಿದ ಎಣ್ಣೆಯ ತೊಟ್ಟಿಯನ್ನು ಮುಕ್ಕಾಲು ಎಂದು ಬರೆಯುವುದು, ಮುಂಗಡ ಹಿಂತಿರುಗಿಸಲು ತಿಂಗಳುಗಟ್ಟಲೆ ಸತಾಯಿಸಿ ಸಣ್ಣ ಮೊತ್ತಗಳನ್ನು ಗ್ರಾಹಕನೇ ಮರೆಯುವಂತೆ ಮಾಡುವುದು, ಇವೆಲ್ಲ ನಿತ್ಯದ ಕೆಲಸ. ರಸ್ತೆಯ ಸುಂಕ ಫಾಸ್ಟ್ಯಾಗಿನ ಮೂಲಕ ತಾನಾಗಿ ಕಡಿತವಾಗುತ್ತದೆಯಷ್ಟೆ. ಎಷ್ಟು ಕಡಿತವಾಯಿತೆಂಬುದು ಸಂಸ್ಥೆಗೆ ಮಾತ್ರ ಗೊತ್ತು. ಅಲ್ಲಿಯೂ ಅಂದಾಜಿನ ಲೆಕ್ಕ. ಸುರತ್ಕಲ್ಲಿನ ಸುಂಕದ ಕಟ್ಟೆಯಲ್ಲಿ ೨೦೨೨ರ ಡಿಸೆಂಬರ್ ೧ರಿಂದ ವಸೂಲಿ ನಿಂತಿತು. ಜನರು ಬಹುಕಾಲ ಹೋರಾಡಿ ನಿಲ್ಲಿಸಿದುದು ಅದು. ಅನಂತರದ ಕೆಲವು ವಾರಗಳಲ್ಲಿಯೂ ಉಡುಪಿಗೆ ಹೋಗಿಬಂದವರ ಬಿಲ್ಲಿನಲ್ಲಿ ಆ ಕಟ್ಟೆಯ ಸುಂಕ ಸೇರಿಯೇ ಇತ್ತಂತೆ. ಶರಣರಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನೊಬ್ಬನು ಇದ್ದನೆಂಬುದನ್ನು ನೀವು ಬಲ್ಲಿರಿ. ಸುಂಕವನ್ನು ಎತ್ತುವುದನ್ನೇ ಕಾಯಕ ಮಾಡಿಕೊಂಡವನು ಆತ. ಇಲ್ಲದ ಕಟ್ಟೆಗೆ ಸುಂಕವೆತ್ತುವ ಈ ವಿದ್ಯೆ ಆತನಿಗೆ ಹೊಳೆದಿರಲಾರದು.

ಇದಿಷ್ಟು ಗ್ರಾಹಕನ ಕಡೆಗೆ ತಿರುಗಿದ ಮುಖ. ಲೆಕ್ಕದ ಪುಸ್ತಕದ ಕಡೆಗೆ ತಿರುಗಿದ ಮುಖ ಬೇರೊಂದಿದೆ. ಮೇಲಿನವರು ಪ್ರತಿ ಶಾಖೆಗೆ ತಿಂಗಳ ಗುರಿಯೊಂದನ್ನು ಕಟ್ಟಿರುತ್ತಾರೆ. ಇಪ್ಪತ್ತೆಂಟನೆಯ ತಾರೀಖಿಗೆ ಗುರಿ ಮುಟ್ಟದಿದ್ದರೆ ಕಾಗದದ ಬಾಡಿಗೆಗಳು ಹುಟ್ಟಿಕೊಳ್ಳುತ್ತವೆ. ಮುಂದಿನ ತಿಂಗಳ ಐದರಂದು ಬರಲಿರುವ ಗ್ರಾಹಕನು ಮೂವತ್ತರಂದೇ ಬಂದಂತೆ ಬರೆಯುವುದು, ತಿಂಗಳು ತಿರುಗಿದ ಮೇಲೆ ಅದನ್ನು ಹೊಡೆದುಹಾಕಿ ಮತ್ತೆ ಬರೆಯುವುದು. ನಿಂತ ಕಾರುಗಳು ಹೆಚ್ಚು ಕಾಣಬಾರದೆಂದು ದುರಸ್ತಿಗೆ ಹೋದ ಕಾರನ್ನು ಓಡುತ್ತಿದೆ ಎಂದು ತೋರಿಸುವುದು. ಕೆಲವೊಮ್ಮೆ ಇದರ ವಿಲೋಮ: ಓಡುತ್ತಿರುವ ಕಾರನ್ನು ದುರಸ್ತಿಯಲ್ಲಿದೆ ಎಂದು ಬರೆದು ನಗದನ್ನು ಇಬ್ಬರು ಮೂವರು ಹಂಚಿಕೊಳ್ಳುವುದು. ದೊಡ್ಡ ಕಂಪನಿಗಳ ನೌಕರರಿಗೆಂದು ಇರುವ ರಿಯಾಯಿತಿಯ ಗುರುತನ್ನು ದಾರಿಹೋಕ ಗ್ರಾಹಕನ ಲೆಕ್ಕಕ್ಕೆ ಹಾಕಿ, ಆತನಿಂದ ಪೂರ್ತಿ ಹಣ ಪಡೆದು, ನಡುವಿನ ಅಂತರವನ್ನು ಜೇಬಿಗಿಳಿಸುವುದು. ಟಯರು ಬದಲಿಸಿದ ಖರ್ಚಿನ ಚೀಟಿ ಮೂರು ತಿಂಗಳು ಮೇಜಿನ ಖಾನೆಯಲ್ಲಿ ಮಲಗಿರುವುದು, ಏಕೆಂದರೆ ಈ ಅವಧಿಯ ಲಾಭ ಕುಗ್ಗಬಾರದು. ಹೀಗೆ ಗುರಿ ಮುಟ್ಟಿದ ಶಾಖೆಗೆ ಬಹುಮಾನದ ಹಣ ಬರುತ್ತದೆ. ನಮ್ಮ ಮುಂದಿದ್ದ ಲಕೋಟೆಯೊಳಗೆ ಇದ್ದುದು ಅದೇ ಹಣ.

ಇದೇನು ಮಂಗಳೂರಿನ ಒಂದು ಮೂಲೆಯ ಹುಡುಗರ ಹುಡುಗಾಟವೆಂದು ತಿಳಿಯಬೇಡಿರಿ. ಅಮೇರಿಕಾದಲ್ಲಿ ಹರ್ಟ್ಸ್ ಎಂಬ ಕಂಪನಿಯಿದೆ. ೧೯೧೮ರಲ್ಲಿ ಷಿಕಾಗೋ ನಗರದಲ್ಲಿ ಹನ್ನೆರಡು ಫೋರ್ಡ್ ಕಾರುಗಳಿಂದ ಆರಂಭವಾದ ವ್ಯವಹಾರದ ವಂಶ ಅದು. ಕಾರು ಬಾಡಿಗೆಯಲ್ಲಿ ಜಗತ್ತಿನಲ್ಲಿಯೇ ದೊಡ್ಡ ಹೆಸರು. ಆ ಕಂಪನಿ ೨೦೧೫ರಲ್ಲಿ ತನ್ನ ಹಿಂದಿನ ಕೆಲವು ವರ್ಷಗಳ ಲೆಕ್ಕವನ್ನು ತಾನೇ ತಿದ್ದಿ ಬರೆಯಬೇಕಾಯಿತು. ತಿದ್ದಿದಾಗ ತೆರಿಗೆಗೆ ಮುಂಚಿನ ಆದಾಯದಲ್ಲಿ ೨೩ ಕೋಟಿ ೫೦ ಲಕ್ಷ ಡಾಲರು ಕರಗಿಹೋಯಿತು. ಅಲ್ಲಿಯ ಷೇರುಪೇಟೆಯ ನಿಯಂತ್ರಣ ಆಯೋಗದ ದೂರಿಗೆ ಉತ್ತರವಾಗಿ ೨೦೧೮ರ ಡಿಸೆಂಬರ್ ಕೊನೆಯಲ್ಲಿ ೧ ಕೋಟಿ ೬೦ ಲಕ್ಷ ಡಾಲರು ದಂಡ ತೆರಲು ಕಂಪನಿ ಒಪ್ಪಿತು. ಲಾಭದ ಗುರಿ ತಪ್ಪಿಹೋಗುತ್ತಿರುವಾಗ ಕೆಳಗಿನವರನ್ನು "ಹಣ ಹುಡುಕಿರಿ" ಎಂದು ಒತ್ತಾಯಿಸಿದನೆಂಬ ಆರೋಪ ಅದರ ಹಿಂದಿನ ಮುಖ್ಯಾಧಿಕಾರಿಯ ಮೇಲೆ ಬಂದಿತು. ೨೦೨೦ರ ಆಗಸ್ಟಿನಲ್ಲಿ ಆತನು, ಆರೋಪವನ್ನು ಒಪ್ಪದೆ ಅಲ್ಲಗಳೆಯದೆ, ತಾನು ಪಡೆದ ಬಹುಮಾನದಲ್ಲಿ ಸುಮಾರು ೨೦ ಲಕ್ಷ ಡಾಲರನ್ನು ಕಂಪನಿಗೆ ಹಿಂದಿರುಗಿಸಲು ಒಪ್ಪಿಕೊಂಡನು. "ಹಣ ಹುಡುಕಿರಿ" ಎಂಬ ಆ ಮಾತಿನ ಚಮತ್ಕಾರವನ್ನು ಗಮನಿಸಿರಿ. ಕದಿಯಿರಿ ಎಂದು ಹೇಳಿದವರು ಯಾರೂ ಇಲ್ಲ. ಸುಳ್ಳು ಬರೆಯಿರಿ ಎಂದವರೂ ಇಲ್ಲ. ತರುಣನ ಶಾಖೆಗೆ ಬರುತ್ತಿದ್ದ ದೂರವಾಣಿಯ ಮಾತೂ ಇದೇ ಜಾತಿಯದು: "ಹೇಗಾದರೂ ಮಾಡಿ."

ಅದೇ ಕಂಪನಿಯ ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚು ದುಃಖಕರವಾದುದು. ಬಾಡಿಗೆಗೆ ಕಾರು ಪಡೆದಿದ್ದ ಅನೇಕ ಗ್ರಾಹಕರ ವಿರುದ್ಧ ಕಾರು ಕಳುವಾಗಿದೆಯೆಂದು ಪೊಲೀಸರಿಗೆ ತಪ್ಪು ದೂರು ಹೋಗಿತ್ತು. ಏನೂ ಅರಿಯದವರು ಬಂಧನಕ್ಕೊಳಗಾದರು. ೨೦೨೨ರ ಡಿಸೆಂಬರಿನಲ್ಲಿ ಇಂತಹ ೩೬೪ ದೂರುಗಳನ್ನು ಬಗೆಹರಿಸಲು ಕಂಪನಿಯು ೧೬ ಕೋಟಿ ೮೦ ಲಕ್ಷ ಡಾಲರು ಕೊಡಲು ಒಪ್ಪಿತು. ಒಂದು ಕಾರು ಎಲ್ಲಿದೆ, ಯಾರ ಕೈಯಲ್ಲಿದೆ, ಎಷ್ಟು ದಿನಕ್ಕೆ ಕೊಟ್ಟಿದೆ ಎಂಬ ಒಂದು ಸಾಲು ಪುಸ್ತಕದಲ್ಲಿ ನೆಟ್ಟಗಿಲ್ಲದಿದ್ದರೆ ಅದರ ಫಲ ಎಲ್ಲಿಯವರೆಗೆ ಮುಟ್ಟುವುದೆಂಬುದನ್ನು ಇದರಿಂದ ಊಹಿಸಬಹುದು. ಬ್ಯಾಂಕುಗಳ ಲೋಕದಲ್ಲಿಯೂ ಹೀಗೆಯೇ. ಅದೇ ದೇಶದ ವೆಲ್ಸ್ ಫಾರ್ಗೊ ಬ್ಯಾಂಕಿನ ನೌಕರರು ಮಾರಾಟದ ಗುರಿ ಮುಟ್ಟಲು ಗ್ರಾಹಕರಿಗೆ ತಿಳಿಸದೆ ಅವರ ಹೆಸರಿನಲ್ಲಿ ಲಕ್ಷಗಟ್ಟಲೆ ಖಾತೆಗಳನ್ನು ತೆರೆದಿದ್ದರು. ೨೦೧೬ರಲ್ಲಿ ಅದು ಬಯಲಾದಾಗ ಸುಮಾರು ೫,೩೦೦ ನೌಕರರನ್ನು ಕೆಲಸದಿಂದ ತೆಗೆದಿರುವೆವೆಂದು ಬ್ಯಾಂಕು ಹೇಳಿತು. ೫,೩೦೦ ಜನ ಒಂದೇ ಕಾಲಕ್ಕೆ ದುಷ್ಟರಾಗಿ ಹುಟ್ಟಿದ್ದರೇ? ಗುರಿಯನ್ನು ಕಟ್ಟಿದವನ ಕೈ ಅದರಲ್ಲಿಲ್ಲವೇ?

ಮಂಗಳೂರಿನಲ್ಲಿ ಕುಳಿತು ಈ ಮಾತನ್ನು ಕೇಳುವಾಗ ನಮಗೆ ಹೆಚ್ಚಿನ ಸಂಕಟವಾದುದಕ್ಕೆ ಕಾರಣವಿದೆ. ಲೆಕ್ಕದ ಶುದ್ಧಿಗೆ ಹೆಸರಾದ ನೆಲ ಅದು. ಅಮ್ಮೆಂಬಳ ಸುಬ್ಬರಾಯ ಪೈಯವರು ೧೯೦೬ರಲ್ಲಿ ಕೆನರಾ ಬ್ಯಾಂಕಿನ ಮೂಲಸಂಸ್ಥೆಯನ್ನು ಕಟ್ಟಿದುದು ಆ ಊರಿನಲ್ಲಿ. ೧೯೨೪ರಲ್ಲಿ ಕರ್ಣಾಟಕ ಬ್ಯಾಂಕು, ೧೯೩೧ರಲ್ಲಿ ವಿಜಯಾ ಬ್ಯಾಂಕು ಹುಟ್ಟಿದುದೂ ಅಲ್ಲಿಯೇ. ೧೯೨೫ರಲ್ಲಿ ಉಡುಪಿಯಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿಕೊಂಡ ಸಂಸ್ಥೆಯು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಹಣ ಕೂಡಿಸುವ ಪದ್ಧತಿ. ಆ ಎರಡಾಣೆಯನ್ನು ಕೊಡುತ್ತಿದ್ದವರು ಬಹುಮಟ್ಟಿಗೆ ಅಕ್ಷರ ಬಾರದ ಬಡವರು, ಹೂ ಮಾರುವವರು, ಮೀನು ಮಾರುವವರು. ಪ್ರತಿನಿಧಿಯು ತಮ್ಮ ಚೀಟಿಯಲ್ಲಿ ಏನು ಬರೆದನೆಂಬುದನ್ನು ಓದಿ ನೋಡುವ ಶಕ್ತಿ ಅವರಿಗಿರಲಿಲ್ಲ. ಆದರೂ ಕೊಟ್ಟರು. ೨೦೨೦ರ ಏಪ್ರಿಲ್ ೧ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಎರಡಾಣೆಯ ನಂಬಿಕೆಯ ಮೇಲೆ ಕಟ್ಟಿದುದು ಒಂದು ಶತಮಾನದ ಹತ್ತಿರಹತ್ತಿರ ನಿಂತಿತಷ್ಟೆ.

ಈಗ ಶರಣರ ಕಡೆಗೆ ಬರೋಣ. ನುಲಿಯ ಚಂದಯ್ಯನ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ಆದರೆ ಅದನ್ನು ವ್ಯಾಪಾರದ ಕಥೆಯೆಂದು ಎಷ್ಟು ಜನ ಕೇಳಿದ್ದೀರೋ ತಿಳಿಯದು. ಕೆರೆಯ ದಡದಲ್ಲಿ ಹುಲ್ಲು ಕೊಯ್ದು, ನುಲಿಯನ್ನು ಹೊಸೆದು, ಹಗ್ಗ ಮಾರಿ, ಬಂದುದರಿಂದ ಜಂಗಮದಾಸೋಹ ನಡೆಸುವುದು ಆತನ ಕಾಯಕ. ಒಂದು ದಿನ ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ಬೀಳುತ್ತದೆ. ಕಾಯಕ ನಿಲ್ಲಬಾರದೆಂದು ಚಂದಯ್ಯನು ಹಾಗೆಯೇ ನಡೆಯುತ್ತಾನೆ. ಲಿಂಗವೇ ಆತನ ಬೆನ್ನು ಹತ್ತುತ್ತದೆ. ಮಡಿವಾಳ ಮಾಚಯ್ಯನವರು ನಡುವೆ ಬಂದು ಸಂಧಾನ ಮಾಡುತ್ತಾರೆ. ಬೇಕಾದರೆ ಲಿಂಗವೂ ಕಾಯಕ ಮಾಡಲಿ, ಹಗ್ಗ ಮಾರಿಕೊಂಡು ಬರಲಿ ಎಂದು ಚಂದಯ್ಯನ ಕರಾರು. ಲಿಂಗದೇವನು ಹಗ್ಗವನ್ನು ಹೊತ್ತು ಬಸವಣ್ಣನವರ ಬಳಿಗೆ ಹೋಗುತ್ತಾನೆ. ಬಸವಣ್ಣನವರು ಭಕ್ತಿಯಿಂದ ಹಗ್ಗದ ಬೆಲೆಗಿಂತ ಬಹಳ ಹೆಚ್ಚಿನ ಹೊನ್ನನ್ನು ಕೊಡುತ್ತಾರೆ. ಚಂದಯ್ಯನು ಅದನ್ನು ಕಂಡು ಸಂತೋಷಪಡಲಿಲ್ಲ. ಹಗ್ಗಕ್ಕೆ ಸಲ್ಲುವ ಬೆಲೆ ಇಷ್ಟೇ, ಮಿಕ್ಕುದನ್ನು ಕೊಟ್ಟು ಬಾ ಎಂದು ದೇವನನ್ನೇ ಹಿಂದಕ್ಕೆ ಅಟ್ಟಿದನು.

ಇಲ್ಲಿ ಮಾರಿದವನು ಸಾಕ್ಷಾತ್ ಪರಶಿವ, ಕೊಂಡವನು ಬಸವಣ್ಣ. ಕೊಂಡವನಿಗೆ ಬೆಲೆ ಗೊತ್ತಿತ್ತು, ಮನಸ್ಸಿದ್ದೇ ಕೊಟ್ಟನು. ಸುಳ್ಳಿಲ್ಲ, ಮರೆಮಾಚಿದುದಿಲ್ಲ, ಬಲಾತ್ಕಾರವಿಲ್ಲ. ನಮ್ಮ ಕಾಲದ ಯಾವ ನ್ಯಾಯಾಲಯವೂ ಆ ಮಾರಾಟದಲ್ಲಿ ತಪ್ಪು ಹುಡುಕಲಾರದು. ಅಂತಹ ಹೊನ್ನು ಕೂಡ ದಾಸೋಹಕ್ಕೆ ಸಲ್ಲದೆಂದು ಚಂದಯ್ಯನು ತೀರ್ಪು ಕೊಟ್ಟನು. ಹಾಗಾದರೆ ನಿದ್ದೆಗಣ್ಣಿನ ಗೃಹಸ್ಥನಿಂದ ಹನ್ನೊಂದು ಗಂಟೆಯ ರಾತ್ರಿಯಲ್ಲಿ ಸುಳ್ಳು ಹೇಳಿ ಕಿತ್ತುಕೊಂಡ ಹಣದ ಮಾತೇನು? ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವೂ ಇದೇ ಬಗೆಯದು. ಗಂಡ ಮಾರಯ್ಯನು ಆಯ್ದು ತಂದ ಅಕ್ಕಿ ಒಂದು ದಿನ ಎಂದಿಗಿಂತ ಹೆಚ್ಚಾಗಿತ್ತು, ಅಷ್ಟೆ, ಕದ್ದುದಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಆ ತಾಯಿ ಕಳುಹಿಸಿದಳು. ಈ ಕಥೆಯನ್ನು ನಮ್ಮ ಹೆಣ್ಣುಮಕ್ಕಳು ಪುರಾಣದ ದಿನ ಕಣ್ಣೀರು ಸುರಿಸಿ ಕೇಳುತ್ತಾರೆ. ಅದೇ ವಾರ ಹೆಣ್ಣಿಗೆ ಗಂಡು ನೋಡುವ ಮಾತು ಬಂದರೆ, "ಸಂಬಳ ಇರಲಿ, ಮೇಲಿನ ಆದಾಯ ಎಷ್ಟು?" ಎಂಬ ಪ್ರಶ್ನೆ ಅಡಿಗೆಮನೆಯಿಂದಲೇ ಹೊರಡುತ್ತದೆ. ಗಂಡಸರೂ ಇದರಲ್ಲಿ ಹಿಂದೆ ಬಿದ್ದವರಲ್ಲ.

ಬಸವಣ್ಣನವರು ಲೆಕ್ಕದ ಕಾಯಕದಿಂದಲೇ ಮೇಲೆ ಬಂದವರೆಂಬುದನ್ನು ನಾವು ಆಗಾಗ ಮರೆಯುತ್ತೇವೆ. ಮಂಗಳವಾಡದಲ್ಲಿ ಕರಣಿಕರಾಗಿ ಆರಂಭಿಸಿ ಬಿಜ್ಜಳನ ಭಂಡಾರಿಯಾದರು. ಭಂಡಾರದ ಹಣವನ್ನು ಜಂಗಮರಿಗೆ ಸುರಿದುಬಿಟ್ಟಿದ್ದಾರೆಂದು ಕೊಂಡೆಯರು ಅರಸನ ಕಿವಿಯಲ್ಲಿ ಹೇಳಿದರೆಂದೂ, ಎಣಿಸಿ ನೋಡಿದಾಗ ಒಂದು ಹಣವೂ ಕಡಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಪುರಾಣಕಾರನು ಅದನ್ನು ಪವಾಡವೆಂದು ಹಾಡುತ್ತಾನೆ. ನಮಗೆ ಪವಾಡಕ್ಕಿಂತ ಹೆಚ್ಚಾಗಿ ಹಿಡಿಸುವುದು ಬೇರೊಂದು: ಕೇಳಿದ ಗಳಿಗೆಯಲ್ಲಿ ಭಂಡಾರದ ಬಾಗಿಲನ್ನು ತೆರೆದರು. "ನಾಳೆ ಬನ್ನಿರಿ, ಈ ತಿಂಗಳು ಮುಗಿಯಲಿ" ಎನ್ನಲಿಲ್ಲ. ಕರಾವಳಿಯನ್ನೂ ಆಳಿದ ಕೆಳದಿಯ ಶಿವಪ್ಪನಾಯಕರ ಕಂದಾಯದ ಶಿಸ್ತು ಹದಿನೇಳನೆಯ ಶತಮಾನದ್ದು. ಗ್ರಾಮಗ್ರಾಮಗಳಲ್ಲಿ ಒಂದೊಂದು ಬಗೆಯ ಹೊಲವನ್ನು ತಾವೇ ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗಲಿದ ಖರ್ಚು, ಬೆಳೆದ ಬೆಳೆ ಇವುಗಳ ಲೆಕ್ಕವಿಟ್ಟು, ಸರಾಸರಿ ತೆಗೆದು, ಆಮೇಲೆ ತೆರಿಗೆ ಕಟ್ಟಿದರೆಂದು ಪ್ರತೀತಿ. ಗುರಿ ಕಟ್ಟುವ ಮೊದಲು ನೆಲದ ಶಕ್ತಿಯನ್ನು ನೋಡಿದರು. ಎಲ್ಲಿಯೋ ಎತ್ತರದ ಕೋಣೆಯಲ್ಲಿ ಕುಳಿತು, ಜಡಿಮಳೆಯ ಆಷಾಢದಲ್ಲಿಯೂ ಬೇಸಗೆಯ ರಜೆಯ ಗುರಿಯನ್ನೇ ಮಂಗಳೂರಿನ ಶಾಖೆಗೆ ಕಟ್ಟುವವರು ಇದನ್ನು ಓದಬೇಕು.

ಕಾನೂನಿನ ಮಾತು ಸಂಕ್ಷೇಪವಾಗಿ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ೨೦೨೦ರ ಜುಲೈಯಿಂದ ಜಾರಿಯಲ್ಲಿದೆ. ಮೋಸ ಹೋದ ಗ್ರಾಹಕನು ಮಂಗಳೂರಿಗೇ ಬಂದು ದಾವೆ ಹೂಡಬೇಕಾಗಿಲ್ಲ. ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ ೫ ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವಿಲ್ಲ. ಕಾರು ಪಡೆಯುವಾಗ ನಾಲ್ಕು ಕಡೆಯ ಚಿತ್ರವನ್ನೂ ಎಣ್ಣೆಯ ಮುಳ್ಳಿನ ಚಿತ್ರವನ್ನೂ ತೆಗೆದಿಟ್ಟುಕೊಂಡವನಿಗೆ ಅರ್ಧ ರಕ್ಷಣೆ ಆಗಲೇ ದೊರೆತಂತೆ. ಇನ್ನು ಪುಸ್ತಕದಲ್ಲಿ ಬೇಕೆಂದು ಸುಳ್ಳು ಲೆಕ್ಕ ಬರೆಯುವ ನೌಕರನಿಗೆ ಅಪರಾಧಸಂಹಿತೆಯಲ್ಲಿಯೇ ಶಿಕ್ಷೆಯಿದೆ. ಮೇಲಿನವರು ಹೇಳಿದರೆಂಬ ಸಮಾಧಾನ ಅಲ್ಲಿ ನಡೆಯುವುದಿಲ್ಲ. ಸಿಕ್ಕಿಬಿದ್ದ ದಿನ ಆ ದೂರವಾಣಿಯ ಧ್ವನಿ ಸಾಕ್ಷಿಗೆ ಬರುವುದಿಲ್ಲವೆಂಬುದನ್ನು ನಮ್ಮ ತರುಣರು ತಿಳಿದಿರುವುದು ಒಳ್ಳೆಯದು.

ಆ ರಾತ್ರಿಯ ಮಾತಿಗೆ ಹಿಂತಿರುಗೋಣ. ಲಕೋಟೆಯನ್ನು ನಾವು ಮುಟ್ಟಲಿಲ್ಲ. ಆದರೆ ಮುಟ್ಟಲಿಲ್ಲವೆಂದು ಬರೆದುಕೊಳ್ಳುವುದಕ್ಕೆ ನಮಗೆ ಸಂಕೋಚವಾಗುತ್ತದೆ. ಏಕೆಂದರೆ ಆತನು ನಿಜವನ್ನು ಹೇಳಿದುದರಿಂದ ಮುಟ್ಟಲಿಲ್ಲ. ಹೇಳದೆ ಕೊಟ್ಟುಹೋದವರ ಎಷ್ಟು ಲಕೋಟೆಗಳು ಮಠದ ಪೆಟ್ಟಿಗೆಯಲ್ಲಿ ಬಿದ್ದಿರಬಹುದು? ಪಾವತಿ ಪುಸ್ತಕದಲ್ಲಿ ಮೊತ್ತಕ್ಕೆ ಕಾಲಮಿದೆ, ಹೆಸರಿಗೆ ಕಾಲಮಿದೆ, ಕಾಯಕಕ್ಕೆ ಕಾಲಮಿಲ್ಲ. ಕೊಡುಗೈ ದಾನಿಗಳೆಂದು ಶಾಲು ಹೊದಿಸಿದ ಕೆಲವರ ವ್ಯವಹಾರವನ್ನು ನಾವು ಕೇಳಿ ತಿಳಿದುಕೊಂಡಿಲ್ಲ. ಕೇಳಿದರೆ ಬೇಸರಪಟ್ಟಾರೆಂದು ಕೇಳಿಲ್ಲ. ಕಳವು ಬಿಡು, ಸುಳ್ಳು ಬಿಡು ಎಂದು ಬಸವಣ್ಣನವರು ಬೋಧಿಸಿದ ಅನುಭವವನ್ನು ಪೀಠದ ಮೇಲಿಂದ ವಿವರಿಸುವಾಗ ಈ ನೆನಪು ನಾಲಗೆಯನ್ನು ತಡೆಯಬೇಕು.

"ನಾನು ಕೆಲಸ ಬಿಡಲೇ?" ಎಂದು ಆತನು ಕೇಳಿದನು. ಗದಗ ಜಿಲ್ಲೆಯ ಹಳ್ಳಿಯಲ್ಲಿ ತಂದೆಗೆ ನಾಲ್ಕೆಕರೆ ಒಣಭೂಮಿ. ತಂಗಿಯ ಮದುವೆಯ ಸಾಲ ಇನ್ನೂ ಎರಡು ವರ್ಷ ತೀರಬೇಕು. ಬಿಡು ಎಂದು ಹೇಳುವುದು ನಮಗೆ ಸುಲಭ. ಅನ್ನ ತಾನಾಗಿ ಬರುವ ಜಾಗದಲ್ಲಿ ಕುಳಿತವರು ಬೇರೆಯವರ ಅನ್ನವನ್ನು ಬಿಡಿಸುವ ಮೊದಲು ಒಂದು ರಾತ್ರಿಯಾದರೂ ಯೋಚಿಸಬೇಕು. ಮರುದಿನ ಬೆಳಗ್ಗೆ ಆತನನ್ನು ಕರೆಸಿ ಎರಡು ಮಾತು ಹೇಳಿದೆವು. ಇಂದಿನಿಂದ ನಿನ್ನ ಕೈಯಿಂದ ಆಗುವುದನ್ನು ನಿಲ್ಲಿಸು. ಬೇರೆಯವರ ಕೈಯನ್ನು ಹಿಡಿಯಲು ಹೋಗಬೇಡ, ಆದರೆ ಸುಳ್ಳಿನ ಕಾಗದಕ್ಕೆ ಸಹಿ ಹಾಕಬೇಡ. ಎರಡನೆಯದು, ಈ ಹಣ ಮಠದ್ದಲ್ಲ, ನಿನ್ನದೂ ಅಲ್ಲ. ಯಾರದೆಂದು ನಿನಗೆ ನೆನಪಿರುವಷ್ಟನ್ನು ಬರೆ.

ಆತನು ಬರೆದನು. ಹದಿನಾಲ್ಕು ಹೆಸರುಗಳಾದುವು. ಮೊದಲನೆಯದಾಗಿ ಬರೆದುದು ವಿಜಯಪುರದ ಕಡೆಯಿಂದ ಮುದುಕ ತಾಯಿಯನ್ನು ಕರೆದುಕೊಂಡು ಧರ್ಮಸ್ಥಳಕ್ಕೆ ಹೋಗಿಬಂದ ಒಬ್ಬ ಉಪಾಧ್ಯಾಯರ ಹೆಸರು. ಆ ಗೀರಿನ ಹಣ ಕೊಟ್ಟ ಐವರಲ್ಲಿ ಅವರೊಬ್ಬರು. ಅದು ತಮ್ಮಿಂದಲೇ ಆಗಿರಬೇಕೆಂದು ಅವರು ನಂಬಿ, ಕ್ಷಮೆಯನ್ನೂ ಕೇಳಿಕೊಂಡು ಹೋಗಿದ್ದರಂತೆ. ಇದನ್ನು ಹೇಳುವಾಗ ಮಾತ್ರ ತರುಣನ ಧ್ವನಿ ನಡುಗಿತು.

ಕಾರ್ತಿಕದಲ್ಲಿ ಆತನ ಪತ್ರ ಬಂದಿತು. ಗೋಡೆಯ ಮೇಲಿನ ಪಟ್ಟಿಯಲ್ಲಿ ಎರಡು ತಿಂಗಳು ಕಟ್ಟಕಡೆಯ ಹೆಸರು ಆತನದಾಗಿ, ಮೂರನೆಯ ತಿಂಗಳು ಮೇಜಿನ ಕೆಲಸದಿಂದ ತೆಗೆದು ಹಿಂಬದಿಯ ಅಂಗಳಕ್ಕೆ ಹಾಕಿದ್ದಾರೆ. ಬಹುಮಾನದ ಹಣ ನಿಂತಿದೆ. ತಂಗಿಯ ಸಾಲದ ಒಂದು ಕಂತು ತಪ್ಪಿದೆ, ತಂದೆ ಸಿಟ್ಟಾಗಿದ್ದಾರೆ. ಅಂಗಳದಲ್ಲಿ ಆತನ ಕೆಲಸ ಕಾರುಗಳನ್ನು ತೊಳೆಸಿ ಕೊಡುವ ಮೊದಲು ಚೀಟಿ ತುಂಬುವುದು. ಆ ಗೇಣುದ್ದದ ಗೀರನ್ನು ಈಗ ಪ್ರತಿಸಲವೂ ಚೀಟಿಯಲ್ಲಿ ಬರೆಯುತ್ತಿದ್ದಾನಂತೆ. ಹದಿನಾಲ್ಕು ಜನರಲ್ಲಿ ಒಂಬತ್ತು ಜನರಿಗೆ ಹಣ ಮುಟ್ಟಿದೆ. ಉಪಾಧ್ಯಾಯರು ಮೊದಲು ನಂಬಲಿಲ್ಲವಂತೆ, ಯಾರೋ ಹೊಸ ಮೋಸ ಹೂಡಿದ್ದಾರೆಂದು ದೂರವಾಣಿ ಇಟ್ಟುಬಿಟ್ಟರಂತೆ. ಉಳಿದ ಐವರ ಪತ್ತೆ ಇಲ್ಲ. ಅವರ ಪಾಲಿನ ೫,೪೦೦ ರೂಪಾಯಿಯನ್ನು ದಾಸೋಹಕ್ಕೆ ಕಳುಹಿಸಲೇ ಎಂದು ಕೊನೆಯಲ್ಲಿ ಕೇಳಿದ್ದನು. ಬೇಡವೆಂದೂ, ಇನ್ನೂ ಹುಡುಕೆಂದೂ ಬರೆದಿದ್ದೇವೆ.